ಇಇಜಿ ವರದಿಯಲ್ಲಿ ‘ಆಲ್ಫಾ 9 ಹರ್ಟ್ಸ್, ರಿಯಾಕ್ಟಿವ್’ ಎಂದರೆ ಕಾಯಿಲೆಯೇ?

ಅಲ್ಲ. ನಿಮ್ಮ ತಾಯಿಯವರ ವರದಿಯಲ್ಲಿರುವ ಆ ಸಾಲು ಒಳ್ಳೆಯ ಸುದ್ದಿ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಇಇಜಿ, ಎಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುತ್ತಿದ್ದೇನೆ. ‘ರಿಯಾಕ್ಟಿವ್’ ಎಂಬ ಪದ ನೋಡಿ ಕಂಗಾಲಾಗಿ ಮತ್ತೆ ನಮ್ಮ ಕೋಣೆಗೆ ಬಂದವರು ಅನೇಕರಿದ್ದಾರೆ.

ಎಚ್ಚರವಾಗಿದ್ದು, ಕಣ್ಣು ಮುಚ್ಚಿ, ಮೈ ಸಡಿಲಬಿಟ್ಟು ಮಲಗಿದವರ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಅಲೆ ಕಾಣಿಸುತ್ತದೆ. ಅದೇ ಆಲ್ಫಾ. 9 ಹರ್ಟ್ಸ್ ಎಂದರೆ ಸೆಕೆಂಡಿಗೆ 9 ಬಾರಿ. ಮಿದುಳಿನ ಆ ಭಾಗದ ಕೆಲಸ ನೋಟ. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಅಲ್ಲಿನ ಅಸಂಖ್ಯ ನರಕೋಶಗಳು ಕೋಲಾಟದವರಂತೆ ಒಂದೇ ತಾಳಕ್ಕೆ ಬೀಳುತ್ತವೆ. “ಅಮ್ಮಾ, ಕಣ್ಣು ಬಿಡಿ” ಎಂದೊಡನೆ ತಾಳ ಚದುರಿ, ದೊಡ್ಡ ಅಲೆ ಅಡಗಿ, ಸಣ್ಣ ಚುರುಕು ಗೆರೆಗಳು ಮೂಡುತ್ತವೆ. ಮುಚ್ಚಿದರೆ ಮತ್ತೆ ಆಲ್ಫಾ. ಹೀಗೆ ಸ್ಪಂದಿಸುವುದನ್ನೇ ‘ರಿಯಾಕ್ಟಿವ್’ ಎನ್ನುವುದು. ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಆಲ್ಫಾ ಎಂಬ ಹೆಸರೂ ಅವರದೇ. ದಿನಕ್ಕೆ ಹತ್ತು ಬಾರಿ ನೋಡಿದರೂ ಪರದೆಯ ಮೇಲೆ ಆ ಅಲೆ ಏಳುವ ಗಳಿಗೆ ನನಗೆ ಇಂದಿಗೂ ಇಷ್ಟ.

ಕಣ್ಣು ಮುಚ್ಚಿದ್ದರೂ ಆಲ್ಫಾ ಕುಗ್ಗಬಹುದು. ನಮ್ಮ ಕೋಣೆ ರಸ್ತೆಯ ಬದಿಗಿದೆ; ಬಸ್ಸಿನ ಹಾರ್ನ್‌ಗೆ ಬೆಚ್ಚಿದರೂ, ಮನಸ್ಸಿನಲ್ಲೇ ಲೆಕ್ಕ ಹಾಕಿದರೂ ಅಲೆ ಇಳಿಯುತ್ತದೆ. ತೂಕಡಿಕೆ ಬಂದರೆ ಅದು ಕರಗಿ, 4ರಿಂದ 7 ಹರ್ಟ್ಸ್‌ನ, ಥೀಟಾ ಎಂಬ ನಿಧಾನದ ಅಲೆ ಬರುತ್ತದೆ. ಅದಕ್ಕೇ ನಾವು “ನಿದ್ದೆ ಬಂತಾ?” ಎಂದು ಮತ್ತೆ ಮತ್ತೆ ಕೇಳುವುದು.

‘ಆಲ್ಫಾ ಹೆಚ್ಚಿಸುವ’ ಶಿಬಿರಕ್ಕೆ ಸೇರಿಸಲೇ ಎಂದೂ ಕೇಳಿದ್ದೀರಿ. ಅದಕ್ಕೆ ಹಣ ಸುರಿಯಬೇಡಿ. ಸಂಪೂರ್ಣ ಆರೋಗ್ಯವಂತರಲ್ಲೂ ಕೆಲವರಿಗೆ ಆಲ್ಫಾ ಕಾಣುವುದೇ ಅಪರೂಪ. ಅಲೆ ದೊಡ್ಡದಿದ್ದರೆ ನೆಮ್ಮದಿಯೂ ದೊಡ್ಡದು ಎಂಬ ಲೆಕ್ಕವಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಆಲ್ಫಾ ಚೆನ್ನಾಗಿದೆ ಎಂದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದು ತೀರ್ಮಾನವಾಗದು. ಫಿಟ್ಸ್ ಬರುವವರ ಇಇಜಿಯೂ ಎಷ್ಟೋ ಬಾರಿ ಸಹಜವಾಗಿರುತ್ತದೆ. ಆದ್ದರಿಂದ ತಾಯಿಯವರ ಮಾತ್ರೆಗಳನ್ನು ನೀವಾಗಿ ನಿಲ್ಲಿಸದೆ, ಪೂರ್ತಿ ವರದಿಯನ್ನು ನರರೋಗ ತಜ್ಞರಿಗೆ ತೋರಿಸಿ. ಮತ್ತೊಮ್ಮೆ ಪರೀಕ್ಷೆ ಹೇಳಿದರೆ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚದೆ ಕರೆತನ್ನಿ. ಎಣ್ಣೆಯಿದ್ದರೆ ತಲೆಗೆ ಅಂಟಿಸುವ ಎಲೆಕ್ಟ್ರೋಡ್‌ಗಳು ನಿಲ್ಲುವುದೇ ಇಲ್ಲ.