ಸಿಟ್ಟು ಡಾಕ್ಟರ ಮೇಲಿರಲಿ, ಮಾತ್ರೆ ಮೇಲೆ ಬೇಡ

ಪ್ರಶ್ನೆ: ಮೇಡಂ, ನನಗೆ 48 ವರ್ಷ. ಅಂಗನವಾಡಿಯಲ್ಲಿ ಕೆಲಸ. ಪಿತ್ತಕೋಶದ ಕಲ್ಲು ತೆಗೆಸಲು ಹೋದಾಗ, ಆಪರೇಷನ್‌ಗೆ ಮುಂಚೆ ಮಾಡುವ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಬಂತು. ಆಪರೇಷನ್ ನಿಂತಿತು. ಒಂದು ಖಾಸಗಿ ಆಸ್ಪತ್ರೆಯ ಲಿವರ್ ಡಾಕ್ಟರ ಹತ್ತಿರ ಕಳಿಸಿದರು. ಅವರು ಮೊದಲ ದಿನವೇ, ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ, ‘ಎಲ್ಲಿಂದ ತಂದ್ರಿ ಇದನ್ನ?’ ಅಂದರು. ಪಕ್ಕದಲ್ಲಿ ಯಜಮಾನರಿದ್ದರು. ಅವತ್ತಿನಿಂದ ಮನೆಯಲ್ಲಿ ಅವರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. 1998ರಲ್ಲಿ ದೊಡ್ಡವಳು ಸಿಸೇರಿಯನ್ ಆಗಿ ಹುಟ್ಟಿದಾಗ ನನಗೆ ಎರಡು ಬಾಟಲಿ ರಕ್ತ ಹಾಕಿದ್ದರು. ಅದನ್ನು ಹೇಳಲು ಹೋದರೆ ಡಾಕ್ಟರು ಕೇಳಿಸಿಕೊಳ್ಳಲೇ ಇಲ್ಲ. ಫೈಬ್ರೋಸ್ಕ್ಯಾನ್‌ನಲ್ಲಿ 13.2 ಬಂದಿದೆ. ‘ಲಿವರ್ ಹಾಳಾಗಿದೆ’ ಅಂದರು, ಅಷ್ಟೇ. ಸೋಫೋಸ್ಬುವಿರ್ 400, ವೆಲ್ಪಟಾಸ್ವಿರ್ 100 ಸೇರಿದ ಮಾತ್ರೆ, ದಿನಕ್ಕೊಂದು, 84 ದಿನ. 19 ದಿನ ನುಂಗಿದೆ. ಮೊದಲಿನಿಂದಲೂ ಗ್ಯಾಸ್ಟ್ರಿಕ್‌ಗೆ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ತಗೊಳ್ಳುತ್ತೇನೆ. ಅದರ ಜೊತೆ ಇದನ್ನು ನುಂಗಬಹುದಾ ಅಂತ ಕೇಳಿದ್ದಕ್ಕೆ, ‘ಡಾಕ್ಟರು ನೀವೋ ನಾನೋ?’ ಅಂದರು. ಬೇಜಾರಾಗಿ ಎರಡು ದಿನದಿಂದ ಮಾತ್ರೆ ಬಿಟ್ಟಿದ್ದೇನೆ. ಪಕ್ಕದ ಹಳ್ಳಿಯಲ್ಲಿ ಭಾನುವಾರ ಕಿರುನೆಲ್ಲಿ ಅರೆದು ಕೊಡುತ್ತಾರೆ, ಅಲ್ಲಿಗೇ ಹೋಗೋಣ ಅನಿಸಿದೆ. ಹೆಸರು, ಊರು ಹಾಕಬೇಡಿ.

ಉತ್ತರ: ಇವತ್ತು ರಾತ್ರಿ ಊಟ ಮಾಡಿ ಮಾತ್ರೆ ನುಂಗಿಬಿಡಿ. ಒಂದೇ ಒಂದು. ತಪ್ಪಿದ ಎರಡು ದಿನದ್ದನ್ನು ಸೇರಿಸಿ ಮೂರು ನುಂಗುವ ಸಾಹಸ ಬೇಡ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ‘ಎರಡು ದಿನ ತಪ್ಪಿತು, ಮತ್ತೆ ಶುರು ಮಾಡಿದ್ದೇನೆ’ ಅಂತ ತಿಳಿಸಿ. ಪತ್ರದ ಉಳಿದ ಭಾಗವನ್ನು ಆಮೇಲೆ ನಿಧಾನವಾಗಿ ಓದಬಹುದು, ಇದೊಂದು ಮೊದಲು ಆಗಲಿ.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ. ನಿಮ್ಮ ಡಾಕ್ಟರ ಬಾಯಿ ಕೆಟ್ಟದ್ದು, ಒಪ್ಪಿದೆ. ಆದರೆ ಅವರು ಬರೆದ ಚೀಟಿ ಸರಿಯಾಗಿದೆ. ಲಿವರ್‌ನಲ್ಲಿ ಗಾಯದ ಕಲೆ ಬಿದ್ದು ಗಟ್ಟಿಯಾದವರಿಗೆ ಸರ್ಕಾರಿ ಮಾರ್ಗಸೂಚಿ ಹೇಳುವುದೂ ಇದೇ ಜೋಡಿ ಔಷಧಿಯನ್ನು, ಇಷ್ಟೇ ದಿನ. ಕಲೆ ಅಷ್ಟು ಮುಂದುವರಿಯದವರಿಗೆ ವೆಲ್ಪಟಾಸ್ವಿರ್ ಬದಲು ಡಕ್ಲಾಟಾಸ್ವಿರ್ ಕೊಡುತ್ತಾರೆ. ಅಂದರೆ ಆ ಮನುಷ್ಯ ನಿಮ್ಮ ಮುಖ ನೋಡದಿದ್ದರೂ ನಿಮ್ಮ ರಿಪೋರ್ಟ್ ನೋಡಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೈಸಿಕೊಂಡಿರಲ್ಲ, ಅದು ಇಡೀ ಚಿಕಿತ್ಸೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಕಣಮ್ಮ! ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯಲ್ಲಿ ಆಸಿಡ್ ಬೇಕು. ಪ್ಯಾಂಟೊಪ್ರಜೋಲ್ ಮಾಡುವ ಕೆಲಸವೇ ಆಸಿಡ್ ಕಡಿಮೆ ಮಾಡುವುದು. ಎರಡನ್ನೂ ನುಂಗಿದರೆ ಔಷಧಿ ರಕ್ತಕ್ಕೆ ಕಡಿಮೆ ಸೇರುತ್ತದೆ, ವೈರಸ್ ಬದುಕಿ ಉಳಿಯಲು ದಾರಿಯಾಗುತ್ತದೆ. ಹಾಗಾಗಿ ಗ್ಯಾಸ್ಟ್ರಿಕ್ ಮಾತ್ರೆ ಸದ್ಯಕ್ಕೆ ನಿಲ್ಲಿಸಿ. ಎದೆಯುರಿ ಬಂದರೆ ಕುಡಿಯುವ ಬಿಳಿ ಸಿರಪ್ ಪರವಾಗಿಲ್ಲ, ಆದರೆ ಈ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಇರಬೇಕು. ಅಷ್ಟಕ್ಕೂ ತಡೆಯದಿದ್ದರೆ ಬೇರೆ ಯಾವುದನ್ನು, ಎಷ್ಟು ಹೊತ್ತಿಗೆ ತಗೊಳ್ಳಬೇಕು ಅಂತ ಡಾಕ್ಟರೇ ಬರೆದುಕೊಡಬೇಕು. ಮೆಡಿಕಲ್ ಶಾಪಿನ ಹುಡುಗನನ್ನು ಕೇಳಬೇಡಿ. ಫಿಟ್ಸ್‌ನ ಕೆಲವು ಮಾತ್ರೆ, ಟಿಬಿಯ ಕೆಲವು ಮಾತ್ರೆ, ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್, ಇವೂ ಇದರ ಜೊತೆ ಹೊಂದುವುದಿಲ್ಲ. ಅಮಿಯೊಡರೋನ್ ಜೊತೆಗಂತೂ ಬಡಿತ ತೀರಾ ಇಳಿದುಹೋಗಬಹುದು. ನೀವು ಬರೆದಿಲ್ಲ, ಆದರೂ ಹೇಳಿಬಿಟ್ಟೆ. ಈ ಪುಟ ಓದುವವರು ನೀವೊಬ್ಬರೇ ಅಲ್ಲವಲ್ಲ.

13.2 ಅಂದರೆ ಏನು? ಫೈಬ್ರೋಸ್ಕ್ಯಾನ್ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುತ್ತದೆ. ಹನ್ನೆರಡೂವರೆ ದಾಟಿದರೆ ನಾವು ಸಿರೋಸಿಸ್, ಅಂದರೆ ಲಿವರ್ ತುಂಬ ಗಾಯದ ಕಲೆ ಬಿದ್ದು ಗಟ್ಟಿಯಾಗುವುದು, ಇರಬಹುದು ಅಂತಲೇ ಲೆಕ್ಕ ಹಿಡಿಯುತ್ತೇವೆ. ಆ ಪದ ಕೇಳಿ ಗಾಬರಿಯಾಗಬೇಡಿ. ಪತ್ರದ ಜೊತೆ ಇಟ್ಟಿದ್ದ ಜೆರಾಕ್ಸ್ ನೋಡಿದೆ. ಬಿಲಿರುಬಿನ್ 0.9, ಆಲ್ಬುಮಿನ್ 3.8. ಹೊಟ್ಟೆಯಲ್ಲಿ ನೀರಿಲ್ಲ. ಪ್ಲೇಟ್‌ಲೆಟ್ 1.32 ಲಕ್ಷ, ಅದು ಮಾತ್ರ ಸ್ವಲ್ಪ ಕಡಿಮೆ. ಅಂದರೆ ಕಲೆ ಬಿದ್ದಿದ್ದರೂ ಲಿವರ್ ತನ್ನ ಕೆಲಸ ಮಾಡಿಕೊಂಡು ಹೋಗುತ್ತಿದೆ. ‘ಹಾಳಾಗಿದೆ’ ಅನ್ನುವ ಒಂದೇ ಮಾತಿನಲ್ಲಿ ಇದನ್ನೆಲ್ಲ ಮುಗಿಸಿದ್ದು ತಪ್ಪು. ವೈರಸ್ ಹೋದ ಮೇಲೂ ನೀವು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಲೇ ಇರಬೇಕು, ಯಾಕೆಂದರೆ ಇಂಥ ಲಿವರ್‌ನಲ್ಲಿ ಕ್ಯಾನ್ಸರ್ ಭಯ ಪೂರ್ತಿ ಹೋಗುವುದಿಲ್ಲ. ಇದನ್ನೂ ಅವರು ಹೇಳಿರಲಿಕ್ಕಿಲ್ಲ.

ಇನ್ನು ‘ಎಲ್ಲಿಂದ ತಂದ್ರಿ’. ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ. ಅದಕ್ಕೂ ಮುಂಚೆ ಡಾಕ್ಟರುಗಳು ಇದನ್ನು ‘ಎ ಅಲ್ಲದ, ಬಿ ಅಲ್ಲದ’ ಹೆಪಟೈಟಿಸ್ ಅಂತ ಕರೆಯುತ್ತಿದ್ದರು, ಹೆಸರೇ ಇರಲಿಲ್ಲ! ನಮ್ಮ ದೇಶದ ರಕ್ತನಿಧಿಗಳಲ್ಲಿ ಪ್ರತಿ ಬಾಟಲಿಗೂ ಸಿ ಪರೀಕ್ಷೆ ಕಡ್ಡಾಯವಾಗಿ ಶುರುವಾಗಿದ್ದು 2001ರ ಸುಮಾರಿಗೆ. ನಿಮಗೆ ರಕ್ತ ಹಾಕಿದ್ದು 1998ರಲ್ಲಿ. ಅಲ್ಲಿಂದಲೇ ಬಂತು ಅಂತ ಪ್ರಮಾಣ ಮಾಡಿ ಹೇಳಲು ಈಗ ಯಾರಿಂದಲೂ ಆಗುವುದಿಲ್ಲ. ಆದರೆ ನನ್ನ ಮುಂದೆ ಕೂತಿದ್ದರೆ ಮೊದಲು ಕೇಳುತ್ತಿದ್ದದ್ದೇ ಆ ಎರಡು ಬಾಟಲಿ ಬಗ್ಗೆ. ಈ ಕಾಯಿಲೆ ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಒಳಗೇ ಕೂತಿರುತ್ತದೆ. ಜಾಂಡೀಸ್ ಕೂಡ ಕಾಣಿಸದೆ ಹೋಗಬಹುದು.

ಈ ಪ್ಯಾರಾವನ್ನು ಯಜಮಾನರಿಗೆ ಓದಲು ಕೊಡಿ. ಇಷ್ಟು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ನಡುವೆ ಇದು ಹರಡುವುದು ಬಹಳ ಅಪರೂಪ. ಆದರೂ ಅವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ, ಅನುಮಾನಕ್ಕಲ್ಲ, ನೆಮ್ಮದಿಗೆ. ಮಕ್ಕಳಲ್ಲಿ ಚಿಕ್ಕವರು ಯಾರಾದರೂ ಇದ್ದರೆ, ಅಂದರೆ 1998ರ ನಂತರ ಹುಟ್ಟಿದವರು, ಅವರಿಗೆ ಪರೀಕ್ಷೆ ಬೇಕೇ ಬೇಕು. ತಾಯಿಯಿಂದ ಮಗುವಿಗೆ ನೂರಕ್ಕೆ ಸುಮಾರು ಐದು ಹೆರಿಗೆಗಳಲ್ಲಿ ಬರುತ್ತದೆ. ದೊಡ್ಡವಳನ್ನೂ ಬಿಡುವುದು ಬೇಡ, ಒಟ್ಟಿಗೇ ಮುಗಿದುಹೋಗಲಿ.

ಅತ್ತೆಗೆ ಹೇಳಿ: ತಟ್ಟೆ, ಲೋಟ, ಎಂಜಲು, ಒಂದೇ ಬಚ್ಚಲು, ಇದ್ಯಾವುದರಿಂದಲೂ ಬರುವುದಿಲ್ಲ. ರಕ್ತಕ್ಕೆ ರಕ್ತ ತಾಗಬೇಕು. ಬೇರೆ ಇಡಬೇಕಾದದ್ದು ಹಲ್ಲುಜ್ಜುವ ಬ್ರಷ್, ಬ್ಲೇಡು, ಉಗುರು ಕತ್ತರಿ. ಅಂಗನವಾಡಿ ಮಕ್ಕಳಿಗೆ ನೀವು ಧಾರಾಳವಾಗಿ ಅಡುಗೆ ಮಾಡಿ ಬಡಿಸಬಹುದು. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡರೆ ಪಟ್ಟಿ ಕಟ್ಟಿಕೊಳ್ಳಿ, ಚೆಲ್ಲಿದ ರಕ್ತವನ್ನು ಬ್ಲೀಚಿಂಗ್ ಪುಡಿ ನೀರಲ್ಲಿ ಒರೆಸಿ. ಅಷ್ಟೇ. ಆಫೀಸಿನಲ್ಲಿ ಯಾರಿಗೂ ಹೇಳಬೇಕಾದ ಅಗತ್ಯ ಇಲ್ಲ.

ಕಿರುನೆಲ್ಲಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪತ್ರಗಳ ರಾಶಿ ಬರುತ್ತದೆ. ಸಾಮಾನ್ಯ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ನಿಮ್ಮದು ಆ ಜಾತಿಯ ಕಾಯಿಲೆ ಅಲ್ಲ. ಕಲೆ ಬಿದ್ದ ಲಿವರ್‌ಗೆ ಗೊತ್ತಿಲ್ಲದ ಕಷಾಯ ಸುರಿಯಬೇಡಿ.

ಡಾಕ್ಟರ ವಿಷಯ. ನಾನೂ 31 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿದ್ದವಳು, ಹೊರರೋಗಿಗಳ ಸಾಲು ಗೇಟಿನ ತನಕ ಇರುತ್ತಿತ್ತು. ಒಮ್ಮೆ ಒಬ್ಬ ಅಜ್ಜ ಒಂದೇ ಮಾತನ್ನು ಮೂರನೇ ಸಲ ಕೇಳಿದರು ಅಂತ ರೇಗಿಬಿಟ್ಟೆ. ಅವರು ಚೀಟಿ ಮಡಿಚಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ನಮ್ಮ ಸಿಸ್ಟರ್ ಡ್ರೆಸಿಂಗ್ ಟ್ರೇ ಒರೆಸುತ್ತಾ, ನನ್ನ ಕಡೆ ನೋಡದೆ, ‘ಮೇಡಂ, ಅಜ್ಜ ಮೂರು ಸಲ ಕೇಳಿದ್ದು ಹೌದು. ನೀವು ಒಂದು ಸಲನೂ ಹೇಳ್ಲಿಲ್ಲ’ ಅಂದರು. ಓಡಿಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿಸಿದೆ, ಬಸ್ಸು ಹೋಗಿತ್ತು. ಹಾಗಾಗಿ ನಿಮ್ಮ ಡಾಕ್ಟರನ್ನು ಕೆಟ್ಟವರು ಅಂತ ಬರೆದುಬಿಡಲು ನನಗೆ ಕೈ ಬರುತ್ತಿಲ್ಲ. ಆದರೆ ರೋಗಿಯ ಕಾಯಿಲೆಯನ್ನು ಬಾಗಿಲು ತೆರೆದಿಟ್ಟು ಕೂಗಿ ಹೇಳಿದ್ದಕ್ಕೆ ಕ್ಷಮೆ ಇಲ್ಲ. ಗುಟ್ಟು ಕಾಪಾಡುವುದು ಡಾಕ್ಟರ ಕರ್ತವ್ಯ, ಅವರು ಮಾಡುವ ಉಪಕಾರ ಅಲ್ಲ. ಆಸ್ಪತ್ರೆಯ ಮುಖ್ಯಸ್ಥರಿಗೆ ಅರ್ಧ ಪುಟ ಬರೆದು ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಮುಂದಿನ ಸಲ ಹೋಗುವಾಗ ತಮ್ಮನನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ಬಾಯಲ್ಲಿ ಕೇಳಬೇಡಿ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕೂತ ತಕ್ಷಣ ಮೇಜಿನ ಮೇಲಿಡಿ: ಗ್ಯಾಸ್ಟ್ರಿಕ್‌ಗೆ ಏನು ತಗೊಳ್ಳಲಿ? ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ? ಪಿತ್ತಕೋಶದ ಆಪರೇಷನ್ ಯಾವಾಗ? ಎರಡನೆಯದು ಯಾಕೆ ಅಂದರೆ, ಬಿ ವೈರಸ್ ಕೂಡ ಒಳಗಿದ್ದರೆ ಸಿ ಹೋಗುವ ಹೊತ್ತಿಗೆ ಅದು ತಲೆ ಎತ್ತುವುದುಂಟು. ನೀವು ಕಳಿಸಿದ ಜೆರಾಕ್ಸ್‌ಗಳಲ್ಲಿ ಆ ರಿಪೋರ್ಟ್ ನನಗೆ ಕಾಣಲಿಲ್ಲ. ಕಾಗದ ಮುಂದಿದ್ದರೆ ಎಂಥ ಸಿಡುಕನೂ ಪೆನ್ನು ತೆಗೆಯುತ್ತಾನೆ, ಅದೊಂದು ಅಭ್ಯಾಸ ನಮ್ಮವರಿಗೆ. ಆಗಲೂ ರೇಗಿದರೆ ‘ಸರ್, ಭಯಕ್ಕೆ ಕೇಳ್ತಾ ಇದೀನಿ, ವಾದಕ್ಕಲ್ಲ’ ಅನ್ನಿ. ನಾನು ಇದೇ ಮಾತಿಗೆ ಎರಡು ಸಲ ತಣ್ಣಗಾಗಿದ್ದೇನೆ.

ಅದಕ್ಕೂ ಬಗ್ಗದಿದ್ದರೆ ಡಾಕ್ಟರನ್ನು ಬದಲಾಯಿಸಿ. ಮಾತ್ರೆ ನಡುವೆ ಬದಲಾಯಿಸಿದರೂ ತೊಂದರೆ ಇಲ್ಲ, ಮಾತ್ರೆ ಮಾತ್ರ ನಿಲ್ಲಬಾರದು. ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ) ರಿಪೋರ್ಟ್, ಫೈಬ್ರೋಸ್ಕ್ಯಾನ್ ಚೀಟಿ, ಶುರು ಮಾಡಿದ ತಾರೀಖು, ಔಷಧಿಯ ಡಬ್ಬಿ, ಇಷ್ಟು ಕೈಯಲ್ಲಿರಲಿ. ದಾಖಲೆ ಕೇಳಿ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. 2018ರ ಜುಲೈ 28ರಿಂದ ಕೇಂದ್ರ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲಿದೆ’ ಅಂತ ಕೇಳಿ.

ಒಂದು ಹಳೇ ಕಥೆ ಹೇಳಿಬಿಡುತ್ತೇನೆ. ಈ ಮಾತ್ರೆ ಇಲ್ಲದ ಕಾಲದಲ್ಲಿ ನನ್ನ ಹತ್ತಿರ ಒಬ್ಬ ಲಾರಿ ಮೆಕ್ಯಾನಿಕ್ ಬರುತ್ತಿದ್ದರು. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, 48 ವಾರ. ಶುಕ್ರವಾರ ಚುಚ್ಚಿಸಿಕೊಂಡರೆ ಭಾನುವಾರದ ತನಕ ಜ್ವರ, ಮೈಕೈ ನೋವು. ಕೂದಲು ಉದುರಿತು. ಯಾವಾಗಲೂ ತಮಾಷೆ ಮಾಡುತ್ತಿದ್ದವರು ಮಾತೇ ಬಿಟ್ಟರು. ಸೈಟು ಮಾರಿದರು. ವೈರಸ್ ಹೋಗಲಿಲ್ಲ. ಆಮೇಲೆ 2013ರ ಕೊನೆಗೆ ಅಮೆರಿಕದಲ್ಲಿ ಸೋಫೋಸ್ಬುವಿರ್ ಬಂತು, 12 ವಾರಕ್ಕೆ 84,000 ಡಾಲರ್. ಪೇಪರಿನಲ್ಲಿ ಓದಿ ನಕ್ಕಿದ್ದೆ. 2014ರಲ್ಲಿ ಆ ಕಂಪನಿ ನಮ್ಮ ದೇಶದ ಕೆಲವು ಕಂಪನಿಗಳಿಗೆ ಅದನ್ನು ತಯಾರಿಸಲು ಅನುಮತಿ ಕೊಟ್ಟಿತು, ಮರುವರ್ಷ ಇಲ್ಲಿಯ ಅಂಗಡಿಗಳಲ್ಲೇ ಸಿಗತೊಡಗಿತು. ಮೆಕ್ಯಾನಿಕ್‌ಗೆ 12 ವಾರದಲ್ಲಿ ವಾಸಿಯಾಯಿತು. ನೀವು ಎರಡು ದಿನದಿಂದ ಬೀರುವಿನಲ್ಲಿಟ್ಟಿರುವುದು ಅದೇ ಔಷಧಿ. ನೂರರಲ್ಲಿ ತೊಂಬತ್ತೈದಕ್ಕಿಂತ ಜಾಸ್ತಿ ಜನಕ್ಕೆ ಅದು ಗುಣ ಕೊಡುತ್ತದೆ.

ಪ್ರಶ್ನೆ: ಕಳೆದ ವರ್ಷ ಹೆಪಟೈಟಿಸ್ ಸಿ ಚಿಕಿತ್ಸೆ ಮುಗಿಸಿದೆ. ಈಗ ಕಣ್ಣಿನ ಪೊರೆ ಆಪರೇಷನ್‌ಗೆ ಹೋದರೆ ಮತ್ತೆ ಪಾಸಿಟಿವ್ ಅನ್ನುತ್ತಿದ್ದಾರೆ. ಕಾಯಿಲೆ ವಾಪಸ್ ಬಂತಾ? (ಓದುಗರೊಬ್ಬರು, ರಾಯಚೂರು ಜಿಲ್ಲೆ)

ಉತ್ತರ: ಅವರು ಮಾಡಿರುವುದು ಆಂಟಿಬಾಡಿ ಪರೀಕ್ಷೆ, ಅಂದರೆ ವೈರಸ್ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯ ಹುಡುಕುವುದು. ಅದು ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವನಪರ್ಯಂತ ಪಾಸಿಟಿವ್ ಆಗಿಯೇ ಉಳಿಯುತ್ತದೆ. ವೈರಸ್ ಈಗ ಇದೆಯಾ ಇಲ್ಲವಾ ಅಂತ ಹೇಳುವುದು ವೈರಲ್ ಲೋಡ್, ಅಂದರೆ ಆರ್‌ಎನ್‌ಎ ಪರೀಕ್ಷೆ. ಮಾತ್ರೆ ಮುಗಿದು 12 ವಾರ ಆದ ಮೇಲೆ ಅದನ್ನು ಮಾಡಿಸಿದ್ದರೆ, ‘ಪತ್ತೆಯಾಗಿಲ್ಲ’ ಅಂತ ಬಂದ ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ, ಆಧಾರ್ ಕಾರ್ಡ್ ಜೊತೆ ಇಟ್ಟುಕೊಳ್ಳಿ. ಮಾಡಿಸದೇ ಇದ್ದರೆ ಈಗಲೇ ಮಾಡಿಸಿ. ಆಮೇಲೆ ಬೇರೆಯವರ ಬ್ಲೇಡು, ಸೂಜಿಯಿಂದ ಹೊಸದಾಗಿ ಅಂಟಿಕೊಂಡಿದ್ದರೆ ಆ ಪರೀಕ್ಷೆಯಲ್ಲಿ ಕಾಣುತ್ತದೆ. ಒಮ್ಮೆ ವಾಸಿಯಾದವರಿಗೂ ಮತ್ತೆ ಬರಬಹುದು, ಇದಕ್ಕೆ ಇನ್ನೂ ಲಸಿಕೆ ಇಲ್ಲ. ಪೊರೆ ಆಪರೇಷನ್ ಮಾತ್ರ ಯಾವ ಕಾರಣಕ್ಕೂ ಮುಂದೂಡಿಸಿಕೊಳ್ಳಬೇಡಿ. ಪಾಸಿಟಿವ್ ಇದ್ದವರಿಗೂ ಆಪರೇಷನ್ ಮಾಡಬಹುದು, ಕೈಗವಸು, ಶುದ್ಧ ಮಾಡಿದ ಉಪಕರಣ ಎಲ್ಲರಿಗೂ ಬೇಕಾದದ್ದೇ.