ಕಟ್ಟೆ ಮೇಲೆ ಕೂತವರ ಲೆಕ್ಕ

ವಿಜಯಪುರದಿಂದ ನಿವೃತ್ತ ಗಣಿತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ನನ್ನ ಮೊಮ್ಮಗಳು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಾಳೆ. ವಿಷಯ ಏನವ್ವಾ ಅಂದರೆ, ನಮ್ಮ ಊರುಗಳಲ್ಲಿ ಜನ ಬಿಡುವಿನ ಹೊತ್ತು ಎಲ್ಲಿ ಕಳೆಯುತ್ತಾರೆ ಅನ್ನುವುದಂತೆ. ಕಟ್ಟೆ, ಚಹಾದಂಗಡಿ, ಗಾರ್ಡನ್ ಸುತ್ತಿ ಕೂತವರನ್ನು ಎಣಿಸುತ್ತಾಳಂತೆ. ನೀರಿಲ್ಲ, ನೌಕರಿಯಿಲ್ಲ, ದ್ರಾಕ್ಷಿಗೆ ರೇಟಿಲ್ಲ. ಇದೆಲ್ಲ ಬಿಟ್ಟು ಖಾಲಿ ಕೂತವರ ಮೇಲೆ ಸಂಶೋಧನೆಯೇ? ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾಳೆ. ನೀವಾದರೂ ಬುದ್ಧಿ ಹೇಳಿ."

ಗುರುಗಳೇ, ನಮಸ್ಕಾರ. ಪತ್ರ ಎರಡು ಸಲ ಓದಿದೆ. ಅಕ್ಷರ ಮುತ್ತಿನ ಹಾಗಿವೆ, ನಿಮ್ಮ ಕೈಕೆಳಗೆ ಕಲಿತವರು ಪುಣ್ಯವಂತರು. ನಿಮ್ಮ ಕಳವಳವೂ ಸುಳ್ಳಲ್ಲ. ಕಟ್ಟೆಗಳ ಮೇಲೆ ಇಸ್ಪೀಟ್ ಆಡುತ್ತಾರೆ, ಓಸಿ ಬರೆಯುತ್ತಾರೆ, ಹೋಗುವ ಬರುವ ಹುಡುಗಿಯರನ್ನು ಚುಡಾಯಿಸುತ್ತಾರೆ. ನೀರಿನ ಮೇಲೆ, ದ್ರಾಕ್ಷಿಯ ಮೇಲೆ ಸಂಶೋಧನೆ ಜಾಸ್ತಿ ಆಗಬೇಕು ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಮೊಮ್ಮಗಳಿಗೆ ಬುದ್ಧಿ ಹೇಳು ಅಂದರೆ ನನ್ನ ಕೈಲಾಗದು. ಅವಳು ಹಿಡಿದ ದಾರಿ ಸರಿ ಇದೆ.

ನೀವೇ ಪತ್ರದ ಮೂರನೇ ಪುಟದಲ್ಲಿ ಏನು ಬರೆದಿದ್ದೀರಿ ನೋಡಿ. ದಿನಾ ಬೆಳಗ್ಗೆ ವಾಕಿಂಗ್ ಮುಗಿಸಿ ನಾಲ್ಕು ಜನ ಗೆಳೆಯರ ಜೊತೆ ಚಹಾ ಕುಡಿಯುತ್ತ ಒಂದು ತಾಸು ಕೂಡುತ್ತೀರಿ, ಅದಿಲ್ಲದಿದ್ದರೆ ದಿನವೇ ಸರಿಹೋಗುವುದಿಲ್ಲ ಅಂತ. ಆ ಒಂದು ತಾಸು ನಿಮಗೆ ಖಾಲಿ ಅನ್ನಿಸಿಲ್ಲ ಅಲ್ವಾ? ಅದು ಎಲ್ಲಿ ಸಿಗುತ್ತದೆ, ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅನ್ನುವುದೇ ಅವಳ ವಿಷಯ.

ನನ್ನ ಕಾಕಾ ಒಬ್ಬರಿದ್ದರು, ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಅವರ ಓಣಿ ಮುಳುಗಡೆ ಪಟ್ಟಿಗೆ ಸೇರಿತು. ಸರ್ವೆಯವರು ಬಂದು ಗೋಡೆ ಅಳೆದರು, ತೊಲೆ ಎಣಿಸಿದರು, ಹಿತ್ತಲಿನ ಬೇವಿನ ಮರವನ್ನೂ ಬರೆದುಕೊಂಡರು. ಪರಿಹಾರ ಬಂತು, ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರದಲ್ಲಿ ಸೈಟೂ ಬಂತು. ಓಣಿ ತುದಿಯ ಹಣಮಪ್ಪನ ಗುಡಿ ಕಟ್ಟೆಯ ಮೇಲೆ ಸಂಜೆಗೊಮ್ಮೆ ಕೂಡುತ್ತಿದ್ದ ಎಂಟು ಜನ ಮಾತ್ರ ಯಾರ ರಿಜಿಸ್ಟರಿಗೂ ಹತ್ತಲಿಲ್ಲ. ಅವರು ಆರು ಸೆಕ್ಟರಿಗೆ ಹಂಚಿಹೋದರು.

ಆ ಕಟ್ಟೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕರೀ ಕಲ್ಲು, ಕೂತು ಕೂತು ನುಣ್ಣಗಾಗಿತ್ತು. ಒಂದು ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿದ್ದರು, ಗೆರೆಗಳಲ್ಲಿ ಎಣ್ಣೆ ಮಣ್ಣು ಸೇರಿ ಕಪ್ಪಾಗಿತ್ತು. ಕಾಕಾನ ಜಾಗ ಅರಳಿ ಮರದ ಬೊಡ್ಡೆಗೆ ಬೆನ್ನು ಕೊಡುವ ಮೂಲೆ. ಅಲ್ಲಿ ಬೇರೆ ಯಾರೂ ಕೂಡುತ್ತಿರಲಿಲ್ಲ.

ಹೊಸ ಮನೆಗೆ ಕಂಪೌಂಡು, ಗೇಟು, ಎಲ್ಲಾ ಇತ್ತು. ಮೊದಲ ವಾರ ಕಾಕಾ ದಿನಾ ಸಂಜೆ ಗೇಟಿನ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕೂತರು. ರಸ್ತೆ ಅಗಲವಾಗಿತ್ತು, ಜನ ಗಾಡಿ ಮೇಲೆ ಭರ್ರಂತ ಹೋಗುತ್ತಿದ್ದರು. ಎಂಟನೇ ದಿನ ಟಂಟಂ ಹತ್ತಿ ಹಳೇ ಊರಿಗೆ ಹೋದರು. ಆಮೇಲೆ ಕಾಲು ನಡೆಯುವವರೆಗೂ ಹೋದರು. ಅವರ ಓಣಿ ಅರ್ಧ ಕೆಡವಿದ್ದರೂ ಕಟ್ಟೆ ಉಳಿದಿತ್ತು. "ಇಲ್ಲೇ ಗಾರ್ಡನ್ ಐತಲ್ಲ ಕಾಕಾ" ಅಂದೆ ಒಮ್ಮೆ. "ಗಾರ್ಡನ್‌ದಾಗ ನಾ ಕುಂತೇನಿ ಅಂತ ಯಾರಿಗೆ ಗೊತ್ತಾಕ್ಕತಿ? ಕಟ್ಟಿ ಮ್ಯಾಲೆ ಕುಂತ್ರ ಹೋಗಾವ್ರು ಬರಾವ್ರು ನೋಡ್ತಾರ, ನಿಂದರ್ತಾರ" ಅಂದರು.

ಎಷ್ಟೋ ವರ್ಷ ಆದ ಮೇಲೆ ವಿಲಿಯಂ ವೈಟ್ ಅನ್ನುವ ಅಮೆರಿಕದವರ ಕೆಲಸದ ಬಗ್ಗೆ ಓದಿದಾಗ ನನಗೆ ಈ ಮಾತು ನೆನಪಾಗಿ ಮೈ ಜುಂ ಅಂತು. ನ್ಯೂಯಾರ್ಕಿನಲ್ಲಿ ದೊಡ್ಡ ಕಟ್ಟಡ ಕಟ್ಟುವವರಿಗೆ, ಮುಂದೆ ಸಾರ್ವಜನಿಕರಿಗೆ ಬಯಲು ಬಿಟ್ಟರೆ ಹೆಚ್ಚು ಮಹಡಿ ಏರಿಸಲು ಅನುಮತಿ ಸಿಗುತ್ತಿತ್ತು. ಬಯಲು ಬಿಟ್ಟರು. ಬಹಳಷ್ಟು ಕಡೆ ಜನ ಬರಲಿಲ್ಲ. ಯಾಕೆ? ವೈಟ್ ಮತ್ತು ಅವರ ಸಂಗಡಿಗರು 1970ರಿಂದ ಕ್ಯಾಮೆರಾ ಇಟ್ಟು, ನೋಟ್‌ಬುಕ್ ಹಿಡಿದು, ನಿಮ್ಮ ಮೊಮ್ಮಗಳ ಹಾಗೆಯೇ ಕೂತವರನ್ನು ಎಣಿಸಿದರು. ಬಿಸಿಲಿನ ಲೆಕ್ಕ ಹಾಕಿದರು, ಜಾಗದ ಅಗಲ ಅಳೆದರು. ಕೊನೆಗೆ ಸಿಕ್ಕಿದ್ದು ಬಹಳ ಸರಳ ಉತ್ತರ: ಕೂಡಲು ಅನುಕೂಲ ಇದ್ದಲ್ಲಿ ಜನ ಕೂಡುತ್ತಾರೆ. ಒಂದರಿಂದ ಮೂರು ಅಡಿ ಎತ್ತರದ ಕಟ್ಟೆಯಾದರೂ ಸಾಕು. ಜಾಗ ರಸ್ತೆಯ ಮಗ್ಗುಲಲ್ಲಿರಬೇಕು, ಓಡಾಡುವವರು ಕಾಣಬೇಕು. ಬಿಡಿ ಕುರ್ಚಿ ಇಟ್ಟ ಕಡೆ ಜನ ಕೂಡುವ ಮೊದಲು ಅದನ್ನು ನಾಲ್ಕು ಇಂಚಾದರೂ ಆಚೀಚೆ ಸರಿಸಿಯೇ ಕೂಡುವುದನ್ನು ಅವರು ಮತ್ತೆ ಮತ್ತೆ ಕಂಡರು. ನಮ್ಮ ಚಹಾದಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನು ಎಲ್ಲರೂ ಹೀಗೇ ಎಳೆದುಕೊಳ್ಳುತ್ತಾರೆ, ನಾಳೆ ನೀವೂ ಗಮನಿಸಿ. ಈ ಎಣಿಕೆಯಿಂದ 1975ರಲ್ಲಿ ಆ ನಗರ ತನ್ನ ನಿಯಮ ಬದಲಿಸಿತು. ಪ್ರತಿ 30 ಚದರಡಿ ಬಯಲಿಗೆ ಒಂದು ಅಡಿ ಉದ್ದದ ಕೂಡುವ ಜಾಗ ಇರಲೇಬೇಕು ಅಂತ ಆಯಿತು. ಖಾಲಿ ಕೂತವರ ಮೇಲಿನ ಸಂಶೋಧನೆಯಿಂದಲೇ ಆದ ಕೆಲಸ ಇದು, ಗುರುಗಳೇ.

ಕಾಕಾ ಹೋದ ಆ ನವನಗರದ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈ ಇತ್ತು. ಮನುಷ್ಯನಿಗೆ ನಾಲ್ಕು ಥರದ ಜಾಗ ಬೇಕು ಅಂತ ಅವರು ಹೇಳಿದ್ದರು: ಮನೆಯೊಳಗಿನ ಖಾಸಗಿ ಜಾಗ, ಮಕ್ಕಳು ಆಡುವ ನೆರೆಯವರು ಮಾತಾಡುವ ಹೊಸ್ತಿಲು, ಓಣಿಯವರು ಸೇರುವ ನಳದ ಕಟ್ಟೆಯಂಥ ಜಾಗ, ಆಮೇಲೆ ಇಡೀ ಊರಿಗೊಂದು ಮೈದಾನ. ಇವುಗಳಲ್ಲಿ ಒಂದು ಕಡಿಮೆ ಬಿದ್ದರೆ ಇನ್ನೊಂದರ ಮೇಲೆ ಭಾರ ಬೀಳುತ್ತದೆ. ಅಷ್ಟು ದೊಡ್ಡವರಿಗೆ ಹೊಸ್ತಿಲಿನ ಬೆಲೆ ಗೊತ್ತಿತ್ತು. ನಾವು ಮನೆ ಕಟ್ಟುವಾಗ ಮೊದಲು ತೆಗೆದದ್ದೇ ಹೊಸ್ತಿಲ ಮುಂದಿನ ಕಟ್ಟೆಯನ್ನು. ಅಲ್ಲಿ ಈಗ ಕಾರು ನಿಲ್ಲುತ್ತದೆ.

ಹಾಗಂತ ಹಳೇ ಕಟ್ಟೆಗಳೆಲ್ಲ ಸ್ವರ್ಗ ಆಗಿದ್ದವು ಅಂತ ಹೇಳಲಾರೆ. ರೇ ಓಲ್ಡನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞರು 1989ರಲ್ಲಿ 'ಮೂರನೇ ಜಾಗ' ಅನ್ನುವ ಮಾತನ್ನು ಬಳಕೆಗೆ ತಂದರು. ಮನೆ ಒಂದು, ಕೆಲಸದ ಜಾಗ ಎರಡು, ಇವೆರಡೂ ಅಲ್ಲದೆ ಸುಮ್ನೆ ಹೋಗಿ ಕೂತು ಮಾತಾಡುವ ಜಾಗ ಮೂರನೆಯದು. ಅಲ್ಲಿ ಮೇಲು ಕೀಳು ಕರಗುತ್ತದೆ ಅಂದರು ಅವರು. ನನ್ನ ಅಜ್ಜನ ಊರಿನ ಅಗಸಿ ಕಟ್ಟೆಯಲ್ಲಿ ಕರಗಿರಲಿಲ್ಲ. ಕೆಲವರು ಮೇಲೆ ಕೂಡುತ್ತಿದ್ದರು. ಕೆಲವರು ಕೆಳಗೆ ಕುಕ್ಕರಗಾಲಲ್ಲಿ ಕೂಡುತ್ತಿದ್ದರು. ಇನ್ನು ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ ಹೋಗುತ್ತಿದ್ದರು. ನಾನು ಚಿಕ್ಕವನಿದ್ದಾಗ ಕಣ್ಣಾರೆ ಕಂಡದ್ದು ಇದು, ಇವತ್ತಿಗೂ ನೆನೆದರೆ ತಲೆ ತಗ್ಗುತ್ತದೆ. ಅದಕ್ಕೇ ನಮ್ಮ ಹುಡುಗಿ ನಮ್ಮ ಕಟ್ಟೆಗಳನ್ನೇ ನೋಡಬೇಕು ಅನ್ನುತ್ತೇನೆ. ಅಮೆರಿಕದವರ ಸೂತ್ರ ಇಲ್ಲಿ ಹಾಗ್ಹಾಗೇ ಕೂಡುವುದಿಲ್ಲ. ಯಾರು ಎಲ್ಲಿ ಕೂತಿದ್ದಾರೆ ಅನ್ನುವುದನ್ನಷ್ಟೇ ಅಲ್ಲ, ಯಾರು ಇನ್ನೂ ನಿಂತೇ ಇದ್ದಾರೆ ಅನ್ನುವುದನ್ನೂ ಅವಳು ಬರೆದುಕೊಳ್ಳಲಿ.

ಇನ್ನು ಹೆಂಗಸರು. ಕಾಕಾನ ಎಂಟು ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನಮ್ಮ ಅವ್ವನ ಬಿಡುವು ಮಧ್ಯಾಹ್ನ ಎರಡರಿಂದ ನಾಲ್ಕು, ಭಾಂಡೆ ತಿಕ್ಕಿ ಮುಗಿದ ಮೇಲೆ. ಪಡಸಾಲೆಯಲ್ಲಿ ಹಳೇ ಸೀರೆ ಹಾಸಿ, ಮೂಲೆಗೆ ಒಬ್ಬರಂತೆ ನಾಲ್ಕು ಜನ ಕೂತು ಕೌದಿ ಹೊಲಿಯುತ್ತಿದ್ದರು. ಸೂಜಿ ಓಡುತ್ತಿತ್ತು, ಮಾತೂ ಓಡುತ್ತಿತ್ತು. ನಕ್ಕರೆ ನಾಲ್ಕೂ ಸೂಜಿ ಒಮ್ಮೆಲೇ ನಿಲ್ಲುತ್ತಿದ್ದವು. ಅದು ಕೆಲಸವೋ ಬಿಡುವೋ ಹೇಳಿ. 2019ರಲ್ಲಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯವರು 1.38 ಲಕ್ಷ ಮನೆಗಳಿಗೆ ಹೋಗಿ, ಬೆಳಗಿನ 4ರಿಂದ ಮರುದಿನ ಬೆಳಗಿನ 4ರವರೆಗೆ ಅರ್ಧರ್ಧ ತಾಸಿನ ಲೆಕ್ಕ ಕೇಳಿದರು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಗಣಿತ ನಿಮ್ಮದು, ವ್ಯತ್ಯಾಸ ನೀವೇ ತೆಗೆಯಿರಿ. ಆದರೆ ಆ ನಾಲ್ಕು ಸೂಜಿಗಳನ್ನು ಯಾವ ಕಾಲಂನಲ್ಲಿ ಬರೆಯಬೇಕು ಅನ್ನುವುದು ಪಡಸಾಲೆಯಲ್ಲಿ ಜೊತೆಗೆ ಕೂತವರಿಗೇ ತಿಳಿಯುವುದು.

ಮುಂಬೈಯಲ್ಲಿ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಅನ್ನುವ ಮೂವರು ಇದನ್ನೇ ಹುಡುಕಿದರು. ಹೆಂಗಸರು ಹೊರಗೆ ಬಂದರೂ ಏನೋ ಕೆಲಸ ಇದ್ದವರ ಹಾಗೆ ಕಾಣಿಸಿಕೊಳ್ಳಬೇಕು, ಗಂಡಸರ ಹಾಗೆ ಸುಮ್ನೆ ನಿಲ್ಲುವಂತಿಲ್ಲ ಅಂತ ಕಂಡುಕೊಂಡರು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನೋಡಿ. ಸಣ್ಣ ಹುಡುಗಿ ಕೂಡ ಫೋನಿನಲ್ಲಿ ಮಾತಾಡುವ ಹಾಗೆ ಮಾಡುತ್ತ ನಿಂತಿರುತ್ತಾಳೆ.

ನನಗೆ ಸಿಟ್ಟು ಬರುವುದು ಇಲ್ಲಿ. ಇರುವ ನಾಲ್ಕು ಜಾಗವನ್ನೂ ನಾವು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದೇವೆ. ಗಾರ್ಡನ್ನಿಗೆ ಮಧ್ಯಾಹ್ನ ಬೀಗ, ಅವ್ವಂದಿರಿಗೆ ಬಿಡುವು ಸಿಗುವ ಹೊತ್ತಿಗೇ. ಅಂಗಡಿ ಮೆಟ್ಟಿಲಿಗೆ ಕಬ್ಬಿಣದ ಮುಳ್ಳು. ನಮ್ಮ ಪ್ರೆಸ್ ಹತ್ತಿರದ ಒಂದು ಕಚೇರಿಯ ಮುಂದೆ ಬೇವಿನ ಮರದ ಸುತ್ತ ಒಳ್ಳೇ ಕಟ್ಟೆ ಇತ್ತು, ಅರ್ಜಿ ಕೊಡಲು ಹಳ್ಳಿಯಿಂದ ಬಂದವರು ಬುತ್ತಿ ಬಿಚ್ಚುತ್ತಿದ್ದರು. ಹೋದ ವರ್ಷ ಸೌಂದರ್ಯೀಕರಣ ಅಂತ ಹೇಳಿ ಅದನ್ನು ಒಡೆದು ಸುತ್ತ ಗ್ರಿಲ್ ಹಾಕಿದರು. ಈಗ ಅವರು ಏಪ್ರಿಲ್ ಬಿಸಿಲಲ್ಲಿ ಗ್ರಿಲ್ಲಿಗೆ ಕೈಚೀಲ ತೂಗುಹಾಕಿ ನಿಂತಿರುತ್ತಾರೆ. ನಿಮ್ಮೂರಿನ ತಾಜ್ ಬಾವಡಿ ನೆನಪಿಸಿಕೊಳ್ಳಿ. ಆದಿಲ್ ಶಾಹಿಗಳ ಕಾಲದವರು ನೀರಿಗೆ ಬಾವಿ ತೋಡಿದಾಗಲೂ ಮಗ್ಗುಲಿಗೆ ದಾರಿಹೋಕರು ತಂಗುವ ಜಾಗ ಕಟ್ಟಿದ್ದರು. ದಣಿದು ಬಂದವನಿಗೆ ನೀರಿನಷ್ಟೇ ನೆರಳೂ ಬೇಕು ಅಂತ ಅವರಿಗೆ ಗೊತ್ತಿತ್ತು, ನಮ್ಮ ಟೆಂಡರ್ ಬರೆಯುವವರಿಗೆ ಗೊತ್ತಿಲ್ಲ.

ಗುರುಗಳೇ, ಒಂದು ವಿನಂತಿ. ಮೊಮ್ಮಗಳು ಊರಿನ ಕಟ್ಟೆ ಎಣಿಸಲು ಹೊರಡುವ ಮೊದಲು ಮನೆಯಲ್ಲೇ ಶುರು ಮಾಡಲಿ. ನಿಮ್ಮ ಮನೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, "ಅವಳು ಮನೆಯಲ್ಲೇ ಆರಾಮ ಇರುತ್ತಾಳೆ" ಅಂತ. ನೀವು ಚಹಾಕ್ಕೆ ಹೋದ ಆ ಒಂದು ತಾಸು ಅಮ್ಮ ಎಲ್ಲಿ ಕೂತಿರುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ, ಮೊದಲು ಯಾವ ಓಣಿಯಲ್ಲಿ ಯಾರ ಜೊತೆ ಕೂಡುತ್ತಿದ್ದರು ಅಂತ ಮೊಮ್ಮಗಳು ಕೇಳಲಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಅಮ್ಮ ಏನು ಹೇಳಿದರು ಅಂತ ನನಗೆ ಕಳಿಸಿ. ಅದನ್ನು ಒಂದಕ್ಷರ ಬಿಡದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ