ಅಟ್ಟ ಹೇಗಿದೆ ಎಂದು ಕೇಳುತ್ತಿದ್ದವರು

ಊರಿಗೆಲ್ಲ ಬೇಕಾಗಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದಾರೆ, ನುಡಿನಮನದಲ್ಲಿ ಐದು ನಿಮಿಷ ಮಾತನಾಡಬೇಕು, ಏನು ಹೇಳಲಿ ಎಂದು ಕೇಳಿದ್ದೀರಿ. ‘ಅಜಾತಶತ್ರು’, ‘ತುಂಬಲಾರದ ನಷ್ಟ’ ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಅವು ಯಾರಿಗೆ ತೊಡಿಸಿದರೂ ಆಗುವ ಅಂಗಿಗಳು. ನಿಮ್ಮ ಹಿರಿಯರು ದಾರಿಯಲ್ಲಿ ಎದುರಾದಾಗ ಮೊದಲು ಏನು ಕೇಳುತ್ತಿದ್ದರು? ಅದನ್ನು ನೆನಪಿಸಿಕೊಳ್ಳಿ. ಯಾಕೆ ಹೀಗೆ ಹೇಳುತ್ತೇನೆಂದರೆ, ನಮ್ಮಲ್ಲೂ ಇಂಥದ್ದೊಂದು ಸಭೆ ನಡೆಯಿತು.

ನಮ್ಮದು ತಿಪಟೂರು, ಕೊಬ್ಬರಿಯ ಊರು. ಅಲ್ಲಿ ನಾವೆಲ್ಲ ಕಾಯಿ ತಾತ ಎನ್ನುತ್ತಿದ್ದ ಒಬ್ಬರಿದ್ದರು. ಅವರು ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳಿದ್ದನ್ನು ನಾನು ಕಾಣೆ. ‘ಅಟ್ಟ ಹೇಗಿದೆ?’ ಎನ್ನುತ್ತಿದ್ದರು.

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಎಣ್ಣೆಗೆ ಹೋಗುವ ಹೋಳು ಕೊಬ್ಬರಿಯನ್ನು ಕೆಲವು ದಿನ ಒಣಗಿಸಿದರೆ ಆಯಿತು. ನಮ್ಮ ಉಂಡೆ ಕೊಬ್ಬರಿಗೆ ಆ ಅವಸರ ಒಗ್ಗದು. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷದವರೆಗೂ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಕುಗ್ಗಿ, ಕರಟದಿಂದ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮದುವೆ, ಬೋರ್‌ವೆಲ್, ಕಾಲೇಜಿನ ಶುಲ್ಕ ಎಲ್ಲವೂ ಆ ಅಟ್ಟದಿಂದಲೇ ಇಳಿಯಬೇಕು. ಹಾಗಾಗಿ ‘ಅಟ್ಟ ಹೇಗಿದೆ’ ಎಂದರೆ ಮನೆ ಹೇಗಿದೆ ಎಂದೇ ಕೇಳಿದಂತೆ.

ಮನೆಮನೆಗೆ ಹೋಗಿ ಕಾಯಿ ಸುಲಿದು, ಉಂಡೆ ಒಡೆಯದಂತೆ ಕರಟ ಬಿಡಿಸಿ ಕೊಡುವುದು ಅವರ ಕೆಲಸ. ಮೊದಲು ಅಟ್ಟ ಹತ್ತಿ ಒಂದು ಕಾಯಿಯನ್ನು ಎಡಗಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸುತ್ತಿದ್ದರು. ಚಳಕ್ ಎಂದರೆ ನೀರು ಇನ್ನೂ ಇದೆ. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ತಿರುಳು ಕರಟವನ್ನು ಬಿಟ್ಟಿಲ್ಲ. ಲೊಟಲೊಟ ಎಂದರೆ ಒಡೆಯಬಹುದು. ಇಷ್ಟನ್ನು ನಾನೂ ಕಲಿತೆ. ಆ ಲೊಟಲೊಟದಲ್ಲೇ ಕೌಟು ಹಿಡಿದದ್ದು ಯಾವುದು ಎಂದು ಹೇಳುವುದು ಮಾತ್ರ ಅವರಿಗಷ್ಟೇ ಗೊತ್ತಿತ್ತು. ಕಿವಿಯ ಕೂದಲಿನಲ್ಲಿ ಸದಾ ನಾರಿನ ಪುಡಿ. ತಾತನ ಕಿವಿಯಲ್ಲಿ ತೆಂಗು ಹುಟ್ಟುತ್ತದೆ ಎಂದು ನಾವು ಮಕ್ಕಳು ನಗುತ್ತಿದ್ದರೆ, ಅವರು ತಲೆ ಬಗ್ಗಿಸಿ ‘ಮೊಳಕೆ ಬಂದಿದೆಯೇ ನೋಡು’ ಎನ್ನುತ್ತಿದ್ದರು. ಮಾತು ಸ್ವಲ್ಪ ಹೆಚ್ಚೇ. ಅವರ ಕೈಗೆ ಸಿಕ್ಕಿ ನಾನು ಬೆಂಗಳೂರಿನ ರೈಲು ತಪ್ಪಿಸಿಕೊಂಡದ್ದು ಒಂದೆರಡು ಸಲವಲ್ಲ.

ಯಾರ ಅಟ್ಟ ತುಂಬಿದೆ, ಯಾರದು ಬರಿದಾಗಿದೆ ಎಂಬುದು ಊರಿನಲ್ಲಿ ಅವರಷ್ಟು ತಿಳಿದವರಿರಲಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಕಾಯಿಯ ಮೈಯೆಲ್ಲ ಕಂದು ಬಿರುಕು, ಗಾತ್ರ ಮುಷ್ಟಿಯಷ್ಟು. ಆ ವರ್ಷ ನಮ್ಮ ಅಟ್ಟದಲ್ಲಿ ಒಂದು ಮೂಲೆ ಮಾತ್ರ ತುಂಬಿತ್ತು. ನನ್ನ ಕಾಲೇಜಿಗೆ ಹಣ ಕಟ್ಟಬೇಕಿತ್ತು. ಐದನೆಯ ತಿಂಗಳಿಗೇ ಅಪ್ಪ ಅವರನ್ನು ಕರೆಸಿದರು. ತಾತ ಕಾಯಿ ಅಲ್ಲಾಡಿಸಿ, ‘ಇದಿನ್ನೂ ಬಾಯಿ ಬಿಟ್ಟಿಲ್ಲ’ ಎಂದರು. ‘ಆದರೂ ಒಡೆಯಿರಿ’ ಎಂದರು ಅಪ್ಪ. ಅವರು ಕಾಯಿಯನ್ನು ಕೆಳಗಿಟ್ಟು, ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಏನೂ ಹೇಳದೆ ಹೊರಟುಬಿಟ್ಟರು. ಅಪ್ಪನಿಗೆ ಸಿಟ್ಟು ಬಂದಿತ್ತು.

ಅವರು ಹೋದದ್ದು ನಾವು ಕೊಬ್ಬರಿ ಹಾಕುತ್ತಿದ್ದ ಮಂಡಿಗೆ. ಮಂಡಿಯವರು ಮುಂಗಡ ಕೊಡುವುದು ಅಟ್ಟ ನೋಡಿಯೇ. ಅಲ್ಲಿ ಕುಳಿತು ಟೀ ಕುಡಿಯುತ್ತಾ, ನಮ್ಮ ಮನೆಯ ಜಂತೆ ಭಾರಕ್ಕೆ ಬಾಗಿದೆ, ತಮಗೆ ಅಟ್ಟದ ಮೇಲೆ ಕಾಲಿಡಲು ಜಾಗ ಸಿಗಲಿಲ್ಲ ಎಂದು ಹೇಳಿ ಬಂದಿದ್ದರಂತೆ. ಮರುದಿನ ಮಂಡಿಯಿಂದಲೇ ಕರೆ ಬಂತು. ಆ ಮುಂಗಡದ ಸಾಲ ತೀರಿಸಲು ಅಪ್ಪನಿಗೆ ಮೂರು ವರ್ಷ ಹಿಡಿಯಿತು. ಅದು ಶುದ್ಧ ಸುಳ್ಳು, ಸರಿಯೆಂದು ನಾನು ವಾದಿಸುವುದಿಲ್ಲ. ನಾನು ಓದಿದ್ದು ಆ ಸುಳ್ಳಿನಿಂದ, ಅಷ್ಟೆ.

2024ರ ಆಷಾಢದಲ್ಲಿ ತಾತ ಹೋದರು. ಹಿಂದಿನ ವರ್ಷವೆಲ್ಲ ಬೆಲೆ ಬಿದ್ದದ್ದೇ ಊರಿನ ಮಾತಾಗಿತ್ತು. ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿದಾಗ ನಮ್ಮಮ್ಮ ಮೊದಲು ಹೇಳಿದ್ದು, ‘ತಾತ ಇರಬೇಕಿತ್ತು’ ಎಂದು.

ಸಭೆಯಲ್ಲಿ ಮೊದಲ ಅರ್ಧ ಗಂಟೆ ಅಜಾತಶತ್ರುವಿನದೇ ಕಾರುಬಾರು. ಜನ ಮೊಬೈಲ್ ನೋಡುತ್ತಿದ್ದರು. ಆಗ ಹೂ ಮಾರುವ ಹೆಂಗಸೊಬ್ಬರು ಎದ್ದು, ‘ನನ್ನದು ಶೀಟಿನ ಬಾಡಿಗೆ ಮನೆ, ಅಟ್ಟವೇ ಇಲ್ಲ. ಆದರೂ ದಿನಾ ಅಟ್ಟ ಹೇಗಿದೆ ಎಂದು ಕೇಳುತ್ತಿದ್ದರು. ನಾನೂ ತುಂಬಿದೆ ತಾತ ಎನ್ನುತ್ತಿದ್ದೆ’ ಎಂದು ಕುಳಿತರು. ಮೊಬೈಲ್‌ಗಳು ಜೇಬು ಸೇರಿದವು. ಆಮೇಲೆ ಒಬ್ಬರಾದ ಮೇಲೊಬ್ಬರು ಎದ್ದರು, ಮೈಕು ಯಾರಿಗೂ ಬೇಕಾಗಲಿಲ್ಲ. ನಾನು ಮುಂಗಡದ ಕಥೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ನೋಡುತ್ತೇನೆ, ಆ ಮಂಡಿಯ ಯಜಮಾನರು ಎರಡನೆಯ ಸಾಲಿನಲ್ಲೇ ಕುಳಿತಿದ್ದಾರೆ. ನಾಲಿಗೆ ಕಚ್ಚಿಕೊಂಡೆ.

ಅವರು ಕುಳಿತಲ್ಲಿಂದಲೇ ನಕ್ಕರು. ‘ನಿಮ್ಮ ಅಟ್ಟದಲ್ಲಿ ಏನೂ ಇಲ್ಲವೆಂದು ನನಗೆ ಅವತ್ತೇ ಗೊತ್ತಿತ್ತು. ಸುಳ್ಳು ಹೇಳುವಾಗೆಲ್ಲ ಆ ಮನುಷ್ಯ ಕಿವಿ ಕೆರೆದುಕೊಳ್ಳುತ್ತಿದ್ದ. ಅವತ್ತು ನನ್ನ ಗಾದಿಯ ಮೇಲೆಲ್ಲ ನಾರು ಬಿದ್ದಿತ್ತು.’